ನೂಲಿನ ಆ ತುದಿ

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ ಎಂದು ಮಾತು ಕೊಟ್ಟು ಶುರು ಮಾಡಬಹುದಿತ್ತು. ಆದರೆ ಇದರಲ್ಲಿ ನಡೆಯುವವರು ಯಾರೂ ಇಲ್ಲ, ಎಲ್ಲರೂ ನಿಲ್ಲುವವರೇ. ಆದ್ದರಿಂದ ನಿಂತದ್ದನ್ನು ನಿಂತ ಹಾಗೆ ಹೇಳುತ್ತೇನೆ. ನಿಂತವನು ಕತ್ತರಿ ಮಾಮ. ಕಟಿಂಗ್ ಅಂಗಡಿಯ ಕುರ್ಚಿಯ ಹಿಂದೆ ಆಯುಷ್ಯವೆಲ್ಲ ನಿಂತೇ ಕಳೆದವನು. ಕುರ್ಚಿ ಇದ್ದದ್ದು ಅವನದೇ, ಕೂತವರು ಮಾತ್ರ ಬೇರೆಯವರು.

ಬೆಳಿಗ್ಗೆ ಸಿಂಕಿನ ಮುಂದೆ ಅವನು ಮುಖ ತೊಳೆಯುತ್ತಿದ್ದ, ಒಂದು ಸಲಕ್ಕೆ ಒಂದೇ ಕಣ್ಣು. ಎಡಗಡೆ ಸೋಪು ಹಚ್ಚುವಾಗ ಬಲಗಣ್ಣು ನಲ್ಲಿಯನ್ನು ನೋಡುತ್ತಿರಬೇಕು, ಬಲಗಡೆ ಹಚ್ಚುವಾಗ ಎಡಗಣ್ಣು. ಕಾವಲುಗಾರರು ಪಾಳಿ ಬದಲಿಸಿಕೊಂಡ ಹಾಗೆ. ಇಬ್ಬರೂ ಒಟ್ಟಿಗೆ ನಿದ್ದೆಹೋದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲ ಸಲ ಹಾಗಾದಾಗ, ನೊರೆಯೊಳಗಿನ ಆ ಬಿಳಿ ಕತ್ತಲಲ್ಲಿ, ನೆಲವೆಂಬುದು ಯಾರಿಗೂ ಹೇಳದೆ ಕೇಳದೆ ಮೆಲ್ಲಗೆ ಎದ್ದು ಆಚೆ ಹೋಗಿತ್ತು. ಹಣೆ ನಲ್ಲಿಗೆ ಬಡಿದಿತ್ತು. ಕಾಲು ಜಾರಿತು ಅಂದಿದ್ದ ಹೆಂಡತಿಗೆ. ಜಾರಬೇಕಾದರೆ ಕಾಲು ಎಂಬುದೊಂದು ಇರಬೇಕಲ್ಲ. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು; ಅದು ಪಾದಗಳನ್ನು ಯಾವಾಗ ಅರಳೆಯಲ್ಲಿ ಸುತ್ತಿಟ್ಟಿತೋ ಅವನಿಗೆ ತಿಳಿಯಲಿಲ್ಲ. ಬೀದಿಯಲ್ಲಿ ಒಂದು ಚಪ್ಪಲಿ ಹಿಂದೆ ಉಳಿದದ್ದು ಗೊತ್ತಾಗದೆ ಅಂಗಡಿಯ ತನಕ ಬಂದಿದ್ದ; ಹಿಂದಿನಿಂದ ಓಡಿಬಂದ ಹೂವಿನವಳು ಅದನ್ನು ಕೈಯಲ್ಲಿ ಹಿಡಿದು, ‘ಮಾಮಾ, ಇದು ನಿಮ್ಮ ಜೊತೆ ಬರಲ್ಲ ಅಂತಿದೆ’ ಅಂದಿದ್ದಳು. ಅವನು ಜೋರಾಗಿ ನಕ್ಕಿದ್ದ. ನಗುವುದು ಸುಲಭ, ನಗುವಾಗ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರಾಯಿತು.

“ಅದೇನ್ರೀ ಒಂದೊಂದೇ ಕಣ್ಣು ತೊಳ್ಕೊಳ್ಳೋದು?” ಬಾಗಿಲಲ್ಲಿ ಹೆಂಡತಿ. “ಇನ್ನೊಂದನ್ನ ಸಂಜೆಗೆ ಅಂತ ಇಟ್ಕೊಂಡಿದೀರಾ?”

“ನಿನ್ನನ್ನ ಒಂದು ಗಳಿಗೆನೂ ಕಣ್ಮರೆ ಮಾಡಬಾರದು ಅಂತ ಕಣೇ.”

“ಹೌದೌದು. ನಲ್ಲಿಯೊಳಗೆ ನಾನೇ ಕಾಣ್ತೀನಿ, ಪಾಪ.” ಟವೆಲನ್ನು ಅವನ ಹೆಗಲ ಮೇಲೆ ಎಸೆದು ಅವಳು ಒಳಗೆ ಹೋದಳು. ಹೋಗುವಾಗ ಒಂದು ಸಲ ತಿರುಗಿ ಅವನ ಕಾಲುಗಳ ಕಡೆ ನೋಡಿದ್ದು ಅವನಿಗೆ ಕನ್ನಡಿಯಲ್ಲಿ ಕಂಡಿತು. ಕನ್ನಡಿಯಲ್ಲಿ ಕಂಡದ್ದನ್ನು ಕಾಣಲಿಲ್ಲ ಅಂದುಕೊಳ್ಳುವುದು ಅವನ ಕಸುಬಿನ ಮರ್ಯಾದೆ. ಕುರ್ಚಿಯಲ್ಲಿ ಕೂತವರು ಕಣ್ಣೊರೆಸಿಕೊಳ್ಳುವುದು, ಹಲ್ಲು ಕಿಸಿದು ನೋಡಿಕೊಳ್ಳುವುದು, ಬೋಳಾಗುತ್ತಿರುವ ಜಾಗವನ್ನು ಬೆರಳಲ್ಲಿ ಕದ್ದು ಮುಟ್ಟಿಕೊಳ್ಳುವುದು, ಎಲ್ಲ ನೋಡಿ ಏನೂ ನೋಡದವನು ಅವನು. ಆದರೆ ಸಂಜೆ ಮನೆಗೆ ಬಂದು ಎಲ್ಲರನ್ನೂ ಮಾಡಿ ತೋರಿಸುತ್ತಿದ್ದ. ಬ್ಯಾಂಕಿನ ಮ್ಯಾನೇಜರು ‘ತಲೆ ತಗ್ಗಿಸಿ’ ಅಂದರೆ ಹೊಟ್ಟೆ ತಗ್ಗಿಸುವ ರೀತಿ, ಡ್ರಿಲ್ ಮಾಸ್ತರರು ಕೂತಲ್ಲೇ ಸಾವಧಾನ್ ಆಗುವ ರೀತಿ; ಮಗಳು ಚಿಕ್ಕವಳಿದ್ದಾಗ ಊಟ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಗುತ್ತಿದ್ದಳು. ಈಗ ಮಾಡಿ ತೋರಿಸುವುದನ್ನು ಬಿಟ್ಟಿದ್ದ. ಇನ್ನೊಬ್ಬರ ಹಾಗೆ ನಡೆಯಬೇಕಾದರೆ ಮೊದಲು ತನ್ನ ಹಾಗೆ ನಿಲ್ಲಲು ಬರಬೇಕು. ಹೆಂಡತಿ ಕೇಳಿದರೆ ಕಾಲ ಕೆಟ್ಟಿತು, ಈಗಿನ ಗಿರಾಕಿಗಳಲ್ಲಿ ಸ್ವಾರಸ್ಯವಿಲ್ಲ ಅನ್ನುತ್ತಿದ್ದ. ಕೆಟ್ಟದ್ದು ಕಾಲು, ದೂರು ಕಾಲದ ಮೇಲೆ.

ಮತ್ತು ಪೋಸ್ಟ್ ಮಾಸ್ಟರರ ಕಿವಿ. ಅದನ್ನು ನೆನೆಯಬಾರದು ಅಂದುಕೊಂಡಷ್ಟೂ ಅದು ಒಂಟಿ ಕಿವಿಯಾಗಿ ಅವನ ಮುಂದೆ ಬಂದು ನಿಲ್ಲುತ್ತಿತ್ತು, ಏನೋ ಕೇಳಿಸಿಕೊಳ್ಳಲು ಬಂದಿರುವ ಹಾಗೆ. ಕಳೆದ ವಾರ ರೇಜರು ಕಿವಿಯ ಹಿಂದೆ ಇದ್ದಾಗ ಕರೆಂಟು ಹೋಯಿತು. ಕರೆಂಟು ಹೋಗುವುದೇನೂ ಹೊಸದಲ್ಲ. ಎಷ್ಟೋ ಸಲ ಹೋಗಿದೆ, ಎಷ್ಟೋ ಸಲ ಆ ಕತ್ತಲಲ್ಲೇ ನಿಂತು ಮಾತಾಡುತ್ತ ಕಾದಿದ್ದಾನೆ. ಆವತ್ತು ಮಾತ್ರ ಕನ್ನಡಿ ಆರಿದ್ದೇ ತಡ ಮೈ ಎಡಕ್ಕೆ ಹೊರಟಿತು, ರೇಜರು ಮೈಯ ಜೊತೆ ಹೊರಟಿತು. ಗಾಯ ಚಿಕ್ಕದು. ರಕ್ತ ಮಾತ್ರ ಬಿಳಿ ಬಟ್ಟೆಯ ಮೇಲೆ ಬಹಳ ದೊಡ್ಡದಾಗಿ ಮಾತಾಡಿತು. ಪೋಸ್ಟ್ ಮಾಸ್ಟರು ನಿವೃತ್ತರು, ಅವನಿಗಿಂತ ಹಿರಿಯರು, ಒಳಗಿವಿ ಕೆಟ್ಟು ತಲೆ ತಿರುಗುವುದರಿಂದ ಕೋಲು ಹಿಡಿದೇ ಓಡಾಡುವವರು. ಒಂದು ಮಾತು ಗದರಲಿಲ್ಲ. ‘ಇಷ್ಟು ವರ್ಷ ನಾನು ಕಾಗದಕ್ಕೆಲ್ಲ ಮುದ್ರೆ ಒತ್ತಿದ್ದೆ, ಇವತ್ತು ನಂಗೇ ಬಿತ್ತು’ ಅಂದು, ಅರಳೆ ಒತ್ತಿಕೊಂಡು ಹೊರಟುಹೋದರು. ಗದರಿದ್ದರೆ ಚೆನ್ನಾಗಿತ್ತು. ಆವತ್ತೇ ಅವನು ತೀರ್ಮಾನ ಮಾಡಿದ್ದ: ತಾನು ನಿಲ್ಲಲಾರದ ಮೇಲೆ ಅಂಗಡಿ ನಿಲ್ಲಬೇಕು. ಈ ವಾರ ಕಳೆದರೆ ಬಾಗಿಲು ಮುಚ್ಚುವುದು. ಮಗಳಿಗೆ ಬೇಸರ ಬಂತು ಅಂತ ಹೇಳುವುದು. ಕಾಲಿನ ವಿಷಯ ಹೇಳುವುದಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಮನುಷ್ಯ ಹೇಗೆ ನಿಲ್ಲುತ್ತಾನೆ ಎಂಬುದನ್ನೇ ಪಾಠ ಹೇಳುವವಳು ಅವಳು. ಅವಳ ಅಪ್ಪನಿಗೇ ನಿಲ್ಲಲು ಬರುವುದಿಲ್ಲ ಎಂದು ಅವಳ ಹುಡುಗರು ಆಡಿಕೊಳ್ಳುವುದು ಬೇಡ.

ಆದರೆ ಮಗಳು ನಿನ್ನೆ ಫೋನು ಮಾಡಿದ್ದಳು. “ಅಪ್ಪಾ, ನಾಳೆ ಮಧ್ಯಾಹ್ನ ಲ್ಯಾಬಿಗೆ ಬಾ. ಹುಡುಗರಿಗೆ ತೋರಿಸೋಕೆ ವಯಸ್ಸಾದೋರು ಒಬ್ಬರು ಬೇಕು. ಸುಮ್ನೆ ನಿಂತ್ಕೊಂಡ್ರೆ ಸಾಕು.”

“ಅಂಗಡಿ ಇದೆ ಮಗಾ.”

“ನಿಂತ್ಕೊಳ್ಳೋದ್ರಲ್ಲಿ ನಿನ್ನ ಬಿಟ್ರೆ ಯಾರಪ್ಪಾ ಇದಾರೆ?”

ಅದು ಬಲೆ ಎಂದು ಅವನಿಗೆ ಅನ್ನಿಸಿತು. ಆದರೆ ಒಪ್ಪದಿದ್ದರೆ ಕಾರಣ ಹೇಳಬೇಕಾಗುತ್ತದೆ. ಒಬ್ಬನೇ ಹೋಗಲು ಧೈರ್ಯವಿಲ್ಲದೆ, ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಪೇಪರು ಓದಲು ಬಂದ ಪೋಸ್ಟ್ ಮಾಸ್ಟರರನ್ನು, ಅವರ ಕಿವಿಯ ಕಡೆ ನೋಡದೆ, ‘ಬರ್ತೀರಾ?’ ಎಂದು ಕೇಳಿದ. ‘ಇನ್ನೊಂದು ಕಿವಿ ಮನೇಲಿ ಬಿಟ್ಟು ಬರಲಾ?’ ಅಂದರು ಅವರು, ಮತ್ತು ಬಂದರು.

ಲ್ಯಾಬೆಂದರೆ ಅವನು ಗಾಜಿನ ಬಾಟಲಿಗಳನ್ನು ಊಹಿಸಿದ್ದ. ಇದ್ದದ್ದು ಒಂದು ಖಾಲಿ ಕೋಣೆ, ನೆಲದಲ್ಲಿ ಲೋಹದ ಹಲಗೆ, ಮೂಲೆಯಲ್ಲಿ ಕಂಪ್ಯೂಟರು, ಗೋಡೆಗೆ ಒಂದು ಕೊಕ್ಕೆ. ಬಿಳಿ ಕೋಟಿನ ಹುಡುಗ ಹುಡುಗಿಯರು ಸುತ್ತ ನಿಂತಿದ್ದರು. ಅವರ ಬಿಳಿ ಬಟ್ಟೆ ನೋಡಿ ಎಲ್ಲರೂ ಕಟಿಂಗಿಗೆ ಕಾಯುತ್ತಿದ್ದಾರೆ ಅನ್ನಿಸಿ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಮಗಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ನೆಲದ ಮೇಲೆ ಕೂತು, ಅವನ ಮೀನಖಂಡದ ಮೇಲಿನ ಕೂದಲನ್ನು ರೇಜರಿನಿಂದ ತೆಗೆಯತೊಡಗಿದಳು. ಅಲ್ಲಿ ವೈರಿನ ಅಂಟುಪಟ್ಟಿ ಹಚ್ಚಬೇಕಂತೆ, ಕೂದಲಿದ್ದರೆ ಹಿಡಿಯುವುದಿಲ್ಲವಂತೆ. ಜೀವಮಾನದಲ್ಲಿ ಮೊದಲ ಸಲ ಅವನು ಕೂತಿದ್ದ, ರೇಜರು ಬೇರೆಯವರ ಕೈಯಲ್ಲಿತ್ತು.

“ಹಾಗಾ ರೇಜರ್ ಹಿಡಿಯೋದು? ಪೆನ್ಸಿಲ್ ಕೆತ್ತೋ ಹಾಗೆ?”

“ಸುಮ್ನಿರಪ್ಪ, ಗಿರಾಕಿಗಳು ಮಾತಾಡಬಾರದು.”

“ಯಾರು ಹೇಳಿದ್ದು? ಮಾತಾಡೋಕೇ ಬರೋದು ಅವರು.”

ಹುಡುಗರು ನಕ್ಕರು. ಬಾಗಿದ ಮಗಳ ತಲೆಯನ್ನು ಮೇಲಿನಿಂದ ನೋಡುತ್ತ, ಬೈತಲೆಯ ಹತ್ತಿರ ಬಂದಿರುವ ಬಿಳಿಗೂದಲುಗಳನ್ನು ಅವನು ಕಂಡ. ಇವಳಿಗೂ ಬಂತೇ? ಈ ತಲೆಗೆ ಮೊದಲ ಕತ್ತರಿ ಹಾಕಿದವನು ತಾನೇ. ಆಗ ಇವಳು ಅಂಗಡಿಯ ನೆಲದಲ್ಲಿ ಕತ್ತರಿಸಿದ ಕೂದಲಿನ ನಡುವೆ ತೆವಳುತ್ತಿದ್ದಳು, ಅಂಗೈಗೆಲ್ಲ ಊರವರ ಕೂದಲು. ಒಂದು ದಿನ ಗಿರಾಕಿಯ ಕತ್ತಿಗೆ ಕಟ್ಟಿದ ಬಿಳಿ ಬಟ್ಟೆಯ ಮೂಲೆ ಹಿಡಿದು ಎದ್ದು ನಿಂತಳು. ನಿಂತೇ ಇದ್ದಳು. ಅವನಿಗೆ ತುಂಟತನ ಬಂತು. ಮೆಲ್ಲಗೆ ಗಿರಾಕಿಯ ಕತ್ತಿನಿಂದ ಗಂಟು ಬಿಚ್ಚಿದ. ಬಟ್ಟೆ ಪೂರಾ ಜಾರಿ ನೆಲಕ್ಕೆ ಬಂತು. ಅವಳು ಮಾತ್ರ ಯಾವುದಕ್ಕೂ ಕಟ್ಟಿರದ ಆ ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ದೊಡ್ಡ ಆಧಾರ ಸಿಕ್ಕವಳ ಹಾಗೆ ನಿಂತಿದ್ದಳು. ಈ ಕಥೆಯನ್ನು ಅವನು ಕೂತ ಗಿರಾಕಿಗೆಲ್ಲ ಹೇಳಿದ್ದ, ಅವಳ ಅಧ್ಯಾಪಕರಿಗೆ ಹೇಳಿದ್ದ, ಅವಳನ್ನು ನೋಡಲು ಬಂದ ಹುಡುಗನಿಗೂ ಹೇಳಿದ್ದ, ಪ್ರತಿ ಸಲವೂ ಅವಳು ‘ಅಪ್ಪಾ, ಸಾಕು’ ಅಂತ ಎದ್ದುಹೋಗುತ್ತಿದ್ದಳು.

“ತಣ್ಣಗಾಯ್ತಾ?” ಮಗಳು ಕೇಳಿದಳು.

“ಏನು?”

ಅವಳು ತಲೆ ಎತ್ತಿದಳು. ಅವಳ ಕೈಯಲ್ಲಿ ಸ್ಪಿರಿಟಿನ ಅರಳೆಯಿತ್ತು. ಅವನ ಕಾಲಿನ ಗಿಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಯಾವಾಗ ಹಚ್ಚಿದಳೋ. “ಹ್ಞೂಂ, ತಣ್ಣಗಿದೆ, ತಣ್ಣಗಿದೆ” ಅಂದ. ತಡವಾಗಿತ್ತು. ಅವಳು ಗಿಣ್ಣನ್ನು ತನ್ನ ದುಪಟ್ಟಾದಿಂದ ಒರೆಸಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಅವನು ಹಲಗೆಯ ಮೇಲೆ ನಿಂತ. ಕಂಪ್ಯೂಟರಿನಲ್ಲಿ ಅವನ ಮೈಭಾರ ಸರಿದ ಕಡೆಗೆ ಸರಿಯುವ ಒಂದು ಚುಕ್ಕಿ ಹೊರಟಿತು, ಎಲ್ಲಿಯೂ ನಿಲ್ಲದೆ, ಇರುವೆಯ ಹಾಗೆ ಅಲ್ಲಲ್ಲೇ ಸುತ್ತುತ್ತಿತ್ತು.

“ನೋಡಿ, ಇವರು ಅಲ್ಲಾಡದೆ ನಿಂತಿದಾರೆ ಅಂತ ನಿಮಗೆ ಅನ್ಸುತ್ತೆ,” ಮಗಳ ಪಾಠದ ದನಿ. ಅದು ತನ್ನದೇ ದನಿ ಎಂದು ಅವನಿಗೆ ಮೊದಲ ಸಲ ಹೊಳೆಯಿತು, ಗಿರಾಕಿಗಳಿಗೆ ಸುದ್ದಿ ಹೇಳುವ ದನಿ. “ನಿಂತಿರೋದು ಅಂದ್ರೆ ಬೀಳ್ತಾ ಇರೋದು, ಬಿದ್ದುಹೋಗದ ಹಾಗೆ ನೋಡ್ಕೋತಾ ಇರೋದು. ಮೈಯ ಭಾರ ಗಿಣ್ಣಿಗಿಂತ ಚೂರು ಮುಂದಕ್ಕೆ ಬೀಳುತ್ತೆ. ಮೀನಖಂಡ ಹಿಂದಿನಿಂದ ಲಗಾಮು ಹಿಡಿದ ಹಾಗೆ ಎಳೆಯುತ್ತೆ, ಸ್ವಲ್ಪ ಬಿಡುತ್ತೆ, ಮತ್ತೆ ಎಳೆಯುತ್ತೆ. ಎಷ್ಟು ಎಳೀಬೇಕು ಅಂತ ಹೇಗೆ ಗೊತ್ತಾಗುತ್ತೆ? ಪಾದದಿಂದ ಟಪಾಲು ಹೋಗುತ್ತೆ. ಭಾರ ಬೆರಳ ಕಡೆ ಬಂತು, ಹಿಮ್ಮಡಿ ಕಡೆ ಹೋಯ್ತು ಅಂತ. ಕೆಲವಕ್ಕೆ ಬೆನ್ನುಹುರಿಯಲ್ಲೇ ಉತ್ತರ ಸಿಗುತ್ತೆ. ಉಳಿದಿದ್ದು ಮೆದುಳಿಗೆ.”

“ಸಬ್ ಆಫೀಸು, ಹೆಡ್ ಆಫೀಸು” ಎಂದು ಪೋಸ್ಟ್ ಮಾಸ್ಟರು ಕೋಲಿನ ಮೇಲೆ ಭಾರ ಹಾಕಿ ತಲೆದೂಗಿದರು.

“ಕರೆಕ್ಟ್ ಸರ್. ಹೆಡ್ ಆಫೀಸಿಗೆ ಕಣ್ಣಿಂದಲೂ ಬರುತ್ತೆ, ಒಳಗಿವಿಯಿಂದಲೂ ಬರುತ್ತೆ. ಎಲ್ಲಾ ಪಕ್ಕಪಕ್ಕ ಇಟ್ಕೊಂಡು, ಯಾರು ನಂಬಿಕಸ್ಥರೋ ಅವರ ಮಾತಿಗೆ ಜಾಸ್ತಿ ತೂಕ. ಅಪ್ಪಾ, ಈಗ ಕಣ್ಣು ಮುಚ್ಚು. ಹಿಂದೆ ನಾನಿದೀನಿ.”

ಮುಚ್ಚದೆ ಇರಬಹುದಿತ್ತು. ಒಂದು ಕಣ್ಣು ಮುಚ್ಚಿ ನಗಿಸಬಹುದಿತ್ತು. ಆದರೆ ಅವಳ ದನಿಯಲ್ಲಿ ಏನೋ ಇತ್ತು, ಗಿಣ್ಣನ್ನು ಒರೆಸಿದ ಆ ದುಪಟ್ಟಾ ಇತ್ತು, ಅವನು ಮುಚ್ಚಿದ. ಮೊದಲು ಕೋಣೆ ಹೋಯಿತು, ಆಮೇಲೆ ನೆಲ ಹೋಯಿತು, ಆಮೇಲೆ ಮೈ ತನ್ನಷ್ಟಕ್ಕೆ ತಾನು ಯಾವುದೋ ಊರಿಗೆ ಹೊರಟ ಬಸ್ಸಿನ ಹಾಗೆ ಹೊರಟಿತು, ತಾನು ಮಾತ್ರ ನಿಲ್ದಾಣದಲ್ಲೇ ಉಳಿದ ಹಾಗೆ. ಕಣ್ಣು ಬಿಟ್ಟಾಗ ಅವನು ಮಗಳ ತೋಳಿನಲ್ಲಿ ಓರೆಯಾಗಿದ್ದ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ನೋಟವನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿದಳು, ಅವನು ಗಿರಾಕಿಗಳಿಗೆ ತೋರಿಸುವ ಅದೇ ಮರ್ಯಾದೆ; ಅದು ಬಿದ್ದದ್ದಕ್ಕಿಂತ ಹೆಚ್ಚು ನೋವು ಮಾಡಿತು. ಕಂಪ್ಯೂಟರಿನಲ್ಲಿ ಚುಕ್ಕಿ ಎಳೆದ ಗೆರೆ ಚಿಕ್ಕ ಮಗು ಗೋಡೆಗೆ ಗೀಚಿದ ಹಾಗಿತ್ತು. ಎಲ್ಲರೂ ನೋಡಲಿ ಎಂದು ಅದು ಅಲ್ಲೇ ಉಳಿದಿತ್ತು.

“ಯಾವಾಗಿಂದಪ್ಪಾ?” ಕಿವಿಯ ಹತ್ತಿರ, ಅವನಿಗೆ ಮಾತ್ರ ಕೇಳುವ ಹಾಗೆ.

“ನಿಮ್ಮಮ್ಮ ಹೇಳಿದ್ಲಾ?”

“ಒಂದೊಂದೇ ಕಣ್ಣು ತೊಳೀತಾರೆ ಅಂದ್ಲು. ಅಷ್ಟು ಸಾಕು ನಂಗೆ.”

ಹಾಗಾದರೆ ಇದು ಬಲೆಯೇ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಆಯಾಸ. ಸ್ಟೂಲಿನ ಮೇಲೆ ಕೂತು, ನೆಲಕ್ಕೆ ಹೇಳುವ ಹಾಗೆ ಎಲ್ಲ ಹೇಳಿದ. ಅಂಗಡಿ ಮುಚ್ಚುತ್ತೇನೆ ಅಂದ. ಈ ಕಾಲು ಇಟ್ಟುಕೊಂಡು ಜನರ ಕುತ್ತಿಗೆಯ ಹತ್ತಿರ ರೇಜರು ತರುವುದು ಪಾಪ, ಇವರ ಕಿವಿ ನೋಡು ಅಂದ. ಪೋಸ್ಟ್ ಮಾಸ್ಟರು ಕಿವಿ ಮುಚ್ಚಿಕೊಂಡು, “ನನ್ನ ಕಿವಿ ಸುದ್ದಿ ಬೇಡ. ಒಳಗಿಂದು ಮೊದಲೇ ಹೋಗಿತ್ತು, ಇವನು ಹೊರಗಿಂದಕ್ಕೆ ಕೈ ಹಾಕಿದ, ಅಷ್ಟೆ. ಮುಚ್ಚಿದ್ರೆ ನಾನು ಪೇಪರ್ ಓದೋದು ಎಲ್ಲಿ?” ಅಂದರು.

ಮಗಳು ಬೇರೇನೋ ಯೋಚಿಸುತ್ತಿದ್ದಳು. “ಕರೆಂಟು ಹಿಂದೆನೂ ಹೋಗಿತ್ತು ಅಂದೆ. ಆಗೆಲ್ಲ ಬೀಳಲಿಲ್ಲ ಯಾಕೆ?”

“ಗೊತ್ತಿಲ್ಲ.”

“ಎಡಗೈ ಎಲ್ಲಿರುತ್ತೆ ನಿಂದು, ಕೂದಲು ಕತ್ತರಿಸುವಾಗ?”

“ಎಲ್ಲಿರುತ್ತೆ? ತಲೆ ಮೇಲೆ. ಬೆರಳ ತುದೀಲಿ ತಲೇನ ಹಿಂಗೆ...” ಅವನು ಗಾಳಿಯಲ್ಲಿ ಒಂದು ತಲೆಯನ್ನು ಹಿಡಿದು ತೋರಿಸಿದ.

“ಕಿವಿ ಕುಯ್ದಾಗ?”

ಗಾಳಿಯಲ್ಲಿ ಅವನ ಕೈ ನಿಂತಿತು. ಆವತ್ತು ಎಡಗೈ ತಲೆಯನ್ನು ಬಿಟ್ಟು ಟಾರ್ಚು ಹುಡುಕುತ್ತಿತ್ತು.

ಮಗಳು ಎದ್ದು, ಡ್ರಾಯರಿನಿಂದ ಕಪ್ಪು ನೂಲಿನ ಉಂಡೆ ತೆಗೆದು, ಒಂದು ತುದಿಯನ್ನು ಗೋಡೆಯ ಕೊಕ್ಕೆಗೆ ಕಟ್ಟಿದಳು. ಗುಂಡಿ ಹೊಲಿಯುವ ನೂಲು. ಇನ್ನೊಂದು ತುದಿಯನ್ನು ಅವನ ತೋರುಬೆರಳಿಗೆ ಸುತ್ತಿದಳು. “ಭಾರ ಹಾಕಬೇಡ, ಹಾಕಿದ್ರೆ ಹರಿಯುತ್ತೆ. ಇದೆ ಅಂತ ಗೊತ್ತಾದ್ರೆ ಸಾಕು. ಕಣ್ಣು ಮುಚ್ಚು.”

ಮುಚ್ಚಿದ. ಕೋಣೆ ಹೋಯಿತು. ನೆಲ ಹೊರಡಲು ಎದ್ದಿತು, ಬಾಗಿಲ ತನಕ ಹೋಯಿತು, ಏನೋ ನೆನಪಾದ ಹಾಗೆ ಹಿಂದಕ್ಕೆ ಬಂದು ಕೂತಿತು. ಬೆರಳ ತುದಿಯಲ್ಲಿ ಒಂದು ಸಣ್ಣ ಸೆಳೆತ, ಒಂದು ಸಡಿಲು, ಮತ್ತೆ ಸೆಳೆತ. ಅದಕ್ಕೆ ಅವನೇನೂ ಮಾಡುತ್ತಿರಲಿಲ್ಲ. ಎಲ್ಲೋ ಕೆಳಗೆ, ಮಗಳು ಕೂದಲು ತೆಗೆದ ಜಾಗದಲ್ಲಿ, ಮೀನಖಂಡವೇ ಆ ಸುದ್ದಿ ಓದಿಕೊಂಡು ಎಳೆಯುತ್ತಿತ್ತು, ಬಿಡುತ್ತಿತ್ತು. ಹುಡುಗರು ‘ಓ’ ಅಂದರು. “ನೋಡಿ ಗೆರೆ ಹೇಗೆ ಸಣ್ಣದಾಯ್ತು. ಈ ನೂಲು ಇವರನ್ನ ಹಿಡಿದಿಲ್ಲ. ಸುದ್ದಿ ಹೇಳ್ತಾ ಇದೆ. ಪಾದದಿಂದ ಬರಬೇಕಾದ ಕಾಗದ ಬೆರಳಿಂದ ಬಂತು.” ಹಾಗಾದರೆ ಇಷ್ಟು ದಿನ ಕತ್ತಲಲ್ಲಿ ತನ್ನನ್ನು ನಿಲ್ಲಿಸಿದ್ದು ಊರವರ ತಲೆಗಳೇ? ಬ್ಯಾಂಕಿನ ಮ್ಯಾನೇಜರ ಹೊಟ್ಟೆ ತಗ್ಗಿಸುವ ತಲೆ, ಡ್ರಿಲ್ ಮಾಸ್ತರರ ಸಾವಧಾನ್ ತಲೆ? ಅವರ ತಲೆಯನ್ನು ತಾನು ಹಿಡಿದಿದ್ದೇನೆಂದು ತಿಳಿದಿದ್ದ.

“ಇನ್ನೊಂದು ಸಲ ಅಪ್ಪಾ. ಕಣ್ಣು ಬಿಡಬೇಡ, ನಾನು ಹೇಳೋ ತನಕ.”

ನೂಲು ಒಂದು ಗಳಿಗೆ ಸಡಿಲವಾಯಿತು, ಅವಳ ಅಂಗೈ ಅವನ ಬೆನ್ನಿಗೆ ಬಂತು, ಮತ್ತೆ ನೂಲು ಬಿಗಿಯಾಯಿತು, ಅಂಗೈ ಹೋಯಿತು. ಯಾರೋ ಪಿಸುಗುಟ್ಟಿದರು, ಯಾರೋ ಮೂಗಿನಲ್ಲಿ ನಕ್ಕು ಕೆಮ್ಮಿದರು. ಅವನು ನಿಂತ. ಈ ಸಲ ನೂಲು ಬೇರೆ ಥರ ಇತ್ತು. ಗೋಡೆ ಉಸಿರಾಡುತ್ತಿರುವ ಹಾಗಿತ್ತು. ಅವನು ಮುಂದೆ ಹೊರಟರೆ ಅದೂ ಯೋಚಿಸಿ ಸ್ವಲ್ಪ ಬರುತ್ತಿತ್ತು, ಅವನು ಹಿಂದೆ ಸರಿದರೆ ತಾನೂ ಸರಿಯುತ್ತಿತ್ತು, ಸಂಕೋಚದ ಮನುಷ್ಯರಿಬ್ಬರು ಕಿರಿದಾದ ಓಣಿಯಲ್ಲಿ ದಾರಿ ಬಿಟ್ಟುಕೊಳ್ಳುವ ಹಾಗೆ. ಆದರೂ ಒಂದು ಥರ ನೆಮ್ಮದಿ. ಗೋಡೆಗೂ ತನ್ನ ಹಾಗೆ ನಿಲ್ಲುವ ಕಷ್ಟ ಇದ್ದರೆ ಇರಲಿ. ಎಷ್ಟು ಹೊತ್ತು ಹಾಗೆ ನಿಂತನೋ.

“ಈಗ ಬಿಡು. ಮೆಲ್ಲಗೆ.”

ಬಿಟ್ಟ. ಎದುರಿಗೆ ಮಗಳು ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಕೊಕ್ಕೆ ಖಾಲಿ. ನೂಲು ಅವನ ಬೆರಳಿನಿಂದ ಹೊರಟು, ಗಾಳಿಯಲ್ಲಿ ತೂಗಿ, ಪೋಸ್ಟ್ ಮಾಸ್ಟರರ ತೋರುಬೆರಳಿಗೆ ಸುತ್ತಿಕೊಂಡಿತ್ತು. ಅವರನ್ನೂ ಮೊದಲೇ ಕಣ್ಣು ಮುಚ್ಚಿಸಿ, ಗೋಡೆಗೆ ಕಟ್ಟಿದ ನೂಲು ಎಂದೇ ಸುತ್ತಿರಬೇಕು. ಅವರ ಕೋಲು ಒಬ್ಬ ಹುಡುಗನ ಕೈಯಲ್ಲಿತ್ತು. ಅವರ ಹಿಂದೆ ಇನ್ನಿಬ್ಬರು ತೋಳು ಚಾಚಿ ಸಿದ್ಧವಾಗಿದ್ದರು. ಪೋಸ್ಟ್ ಮಾಸ್ಟರು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಎದೆ ಸೆಟೆಸಿ, ಕಿವಿಗೆ ಅರಳೆ ಅಂಟಿಸಿಕೊಂಡು, ಧ್ವಜಕ್ಕೆ ವಂದನೆ ಮಾಡುವವರ ಹಾಗೆ ನಿಂತಿದ್ದರು. ಒಬ್ಬರಿಗೆ ಪಾದವಿದೆ ಕಿವಿಯಿಲ್ಲ, ಇನ್ನೊಬ್ಬನಿಗೆ ಕಿವಿಯಿದೆ ಪಾದವಿಲ್ಲ. ಬೀಳುವವರಿಬ್ಬರು ಒಬ್ಬರನ್ನೊಬ್ಬರು ಗೋಡೆ ಎಂದು ನಂಬಿ ನಿಂತಿದ್ದರು.

“ನಿಮ್ಮ ಗೋಡೆ ಬಹಳ ಗಟ್ಟಿ ಕಣಮ್ಮಾ,” ಕಣ್ಣು ಮುಚ್ಚಿಯೇ ಪೋಸ್ಟ್ ಮಾಸ್ಟರು ಗಂಭೀರವಾಗಿ ಹೇಳಿದರು. “ಹಳೇ ಕಾಲದ್ದು ಅನ್ಸುತ್ತೆ. ಈಗಿನೋರು ಹಿಂಗೆ ಕಟ್ಟಲ್ಲ.”

ಕತ್ತರಿ ಮಾಮ ತುಟಿ ಕಚ್ಚಿ ಹಿಡಿದ. ಮಗಳು ಹತ್ತಿರ ಬಂದು ಪಿಸುಗುಟ್ಟಿದಳು: “ಬಿಳಿ ಬಟ್ಟೆ ಕಥೆ ಎಷ್ಟು ಜನಕ್ಕೆ ಹೇಳಿದೀಯಪ್ಪಾ? ಇನ್ಮೇಲೆ ಇವತ್ತಿಂದನ್ನ ನಾನು ಪ್ರತಿ ವರ್ಷ ಕ್ಲಾಸಲ್ಲಿ ಹೇಳ್ತೀನಿ.” ಆಮೇಲೆ, ಇನ್ನೂ ಮೆಲ್ಲಗೆ: “ರೇಜರ್ ಬೇಡ. ಕತ್ತರಿ ಸಾಕು. ಟಾರ್ಚ್ ಕುತ್ತಿಗೆಗೆ ನೇತುಹಾಕ್ಕೋ. ಒಂದು ಕೈ ಮಾತ್ರ ತಲೆ ಬಿಡಬಾರದು. ಅಂಗಡಿ ಮುಚ್ಚೋ ಮಾತು ಇನ್ನೊಂದು ಸಲ ಎತ್ತಿದ್ರೆ ಅಮ್ಮಂಗೆ ಹೇಳ್ತೀನಿ.”

“ಮುಖ ತೊಳೆಯೋಕೆ?” ಅವನೂ ಪಿಸುಗುಟ್ಟಿದ.

“ಒಂದು ಬೆರಳು ಗೋಡೆಗೆ. ನಿಜವಾದ ಗೋಡೆಗೆ.”

ಅಷ್ಟೇ ಸಾಕಾಯಿತು. ಹೊಟ್ಟೆಯಲ್ಲಿ ಹುಟ್ಟಿದ ನಗು ಎದೆಗೆ ಬಂತು, ಭುಜಕ್ಕೆ ಬಂತು, ಬೆರಳಿಗೆ ಬಂತು, ನೂಲಿನುದ್ದಕ್ಕೂ ಹೋಯಿತು.

“ಅಯ್ಯೋ, ಇದೇನಮ್ಮಾ!” ಪೋಸ್ಟ್ ಮಾಸ್ಟರು ಕಣ್ಣು ಬಿಡದೆ ಕೂಗಿದರು. “ನಿಮ್ಮ ಗೋಡೆ ನಗ್ತಾ ಇದೆ!”

ಹುಡುಗರು ಒಮ್ಮೆಲೇ ಸಿಡಿದರು. ಪೋಸ್ಟ್ ಮಾಸ್ಟರು ಕಣ್ಣು ಬಿಟ್ಟು, ನೂಲಿನ ಗುಂಟ ಉದ್ದಕ್ಕೆ ನೋಡುತ್ತ ಹೋಗಿ, ಅದರ ಆ ತುದಿಯಲ್ಲಿ ತಮ್ಮ ಕಿವಿ ಕುಯ್ದವನನ್ನು ಕಂಡು, “ನೀನಾ ನನ್ನ ಗೋಡೆ!” ಅಂದವರೇ ಬೊಚ್ಚುಬಾಯಿ ತೆರೆದು ನಗತೊಡಗಿದರು. ಮಗಳು ನಗುತ್ತ ಕಣ್ಣೊರೆಸಿಕೊಂಡಳು. ಕಂಪ್ಯೂಟರಿನಲ್ಲಿ ಚುಕ್ಕಿ ಹುಚ್ಚೆದ್ದು ಕುಣಿಯುತ್ತಿತ್ತು. ಎಲ್ಲರಿಗಿಂತ ಜೋರಾಗಿ, ಕೋಣೆಯ ಕಿಟಕಿ ಅದುರುವಷ್ಟು ಜೋರಾಗಿ ನಗುತ್ತಿದ್ದವನು ಕತ್ತರಿ ಮಾಮ. ತಲೆ ಹಿಂದಕ್ಕೆ ಎಸೆದು, ಬೆರಳಿನ ನೂಲನ್ನು ಬಿಡದೆ, ಕುರ್ಚಿಯ ಬೆನ್ನು ಹಿಡಿಯದೆ ನಗುತ್ತಿದ್ದ, ಮತ್ತು ಆ ನಗುವಿನಲ್ಲಿ ಎರಡೂ ಕಣ್ಣು ಒಟ್ಟಿಗೆ ಮುಚ್ಚಿಹೋಗಿವೆ ಎಂಬುದು ಅವನಿಗೆ ಗೊತ್ತೇ ಆಗಿರಲಿಲ್ಲ.